ಡಾಕ್ಟರ್ ಹೆಸರಲ್ಲಿ ನಾನು ಬರೆದ ಲೇಖನ

ಕಳೆದ ರಜೆಯಲ್ಲಿ ಒಂದು ಪಾರ್ಟ್ ಟೈಮ್ ಕೆಲಸ ಮಾಡಿದೆ. ಕಂಪನಿ ಹೆಸರು ಬೇಡ ಬಿಡಿ. ಆರೋಗ್ಯದ ವಿಷಯಗಳ ಮೇಲೆ ಇಂಗ್ಲಿಷಲ್ಲಿ 1,000 ಪದಗಳ ಲೇಖನ ಬರೆದುಕೊಡೋದು, ಒಂದಕ್ಕೆ 300 ರೂಪಾಯಿ. ನನ್ನ ಮೂರನೇ ಲೇಖನ ರಾಗಿ ಮುದ್ದೆ ಮತ್ತು ಸಕ್ಕರೆ ಕಾಯಿಲೆ ಬಗ್ಗೆ. ಪ್ರತಿ ಪ್ಯಾರಾದಲ್ಲೂ ಒಂದು ಅಂಕಿ ಇರಲಿ ಅಂತ ಎಡಿಟರ್ ಹೇಳಿದ್ರು. ದಿನಕ್ಕೆ ಎಷ್ಟು ಗ್ರಾಂ ಮುದ್ದೆ ತಿನ್ನಬಹುದು ಅನ್ನೋದಕ್ಕೆ ನನಗೆ ಸರಿಯಾದ ಲೆಕ್ಕ ಎಲ್ಲೂ ಸಿಗಲಿಲ್ಲ. ರಾತ್ರಿ ಒಂದೂವರೆ ಆಗಿತ್ತು. ಅಮ್ಮ ಮಾಡೋ ಮುದ್ದೆಯ ಸೈಜ್ ನೆನಪಿಸ್ಕೊಂಡು ಒಂದು ಅಂಕಿ ಹಾಕಿದೆ.

ಎರಡು ದಿನಕ್ಕೆ ಲೇಖನ ಸೈಟಿಗೆ ಬಂತು. ನನ್ನ ಹೆಸರು ಇರಲ್ಲ ಅಂತ ಮೊದಲೇ ಗೊತ್ತಿತ್ತು. ಆದ್ರೆ ಅಲ್ಲಿ ಒಬ್ಬ ಡಾಕ್ಟರ ಫೋಟೋ, ಡಿಗ್ರಿ, 15 ವರ್ಷದ ಅನುಭವ ಎಲ್ಲ ಇತ್ತು. ಸಾರ್, ಡಾಕ್ಟರ್ ಇದನ್ನ ಓದಿದ್ರಾ ಅಂತ ಕೇಳಿದೆ. ಎಐ ಸರ್ಚಲ್ಲಿ ಕಾಣಿಸ್ಕೋಬೇಕಂದ್ರೆ ತಜ್ಞರ ಹೆಸರು ಇರಲೇಬೇಕು, ಅದಕ್ಕೇ ಹಾಕಿದ್ದೀವಿ ಅಂದ್ರು. ನಾನು ಕೇಳಿದ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಆದ್ರೂ ಆ ಮಾತು ತಲೆಯಲ್ಲಿ ಕೂತುಬಿಡ್ತು. ತಜ್ಞರ ಹೆಸರಿದ್ರೆ ಎಐ ಆ ಪುಟವನ್ನ ಹೆಚ್ಚು ತೋರಿಸುತ್ತೆ ಅನ್ನೋದು ನಿಜಾನಾ? ಯಾರಾದ್ರೂ ಅಳೆದು ನೋಡಿದ್ದಾರಾ?

ಈ ನಂಬಿಕೆ ಗೂಗಲ್ ಕಡೆಯಿಂದ ಬಂದದ್ದು. ಸರ್ಚ್ ಫಲಿತಾಂಶಗಳ ಗುಣಮಟ್ಟ ನೋಡೋಕೆ ಇಟ್ಟಿರೋ ಜನರಿಗೆ ಗೂಗಲ್ ಒಂದು ಕೈಪಿಡಿ ಕೊಡುತ್ತೆ. ಅದರಲ್ಲಿ ಪರಿಣತಿ, ಅಧಿಕಾರ, ವಿಶ್ವಾಸಾರ್ಹತೆ ಅಂತ ಮೂರು ಅಳತೆಗಳಿದ್ವು, 2022ರ ಡಿಸೆಂಬರಲ್ಲಿ ಅನುಭವ ಅನ್ನೋದೂ ಸೇರಿ ಇ-ಇ-ಎ-ಟಿ ಆಯ್ತು. ಇದು ನೇರವಾಗಿ ರ‍್ಯಾಂಕಿಂಗಿಗೆ ಬಳಸೋ ಅಂಶ ಅಲ್ಲ ಅಂತ ಗೂಗಲ್ಲೇ ಹೇಳಿದೆ. ಅದಕ್ಕೂ ಮುಂಚೆ, 2011ರಲ್ಲಿ, ಫಲಿತಾಂಶದ ಪಕ್ಕ ಲೇಖಕರ ಫೋಟೋ ತೋರಿಸೋ ಆಥರ್‌ಶಿಪ್ ಅನ್ನೋದನ್ನ ಶುರು ಮಾಡಿ 2014ರಲ್ಲಿ ನಿಲ್ಲಿಸಿತ್ತು. ಗೂಗಲ್ ಬಿಟ್ಟರೂ ಮಾರ್ಕೆಟಿಂಗ್‌ನವರು ಫೋಟೋ ಬಿಟ್ಟಿಲ್ಲ.

ಎಐ ಸರ್ಚಲ್ಲಿ ವಿಷಯ ಇನ್ನೂ ಸ್ವಲ್ಪ ಬೇರೆ. ನೀವು ಪ್ರಶ್ನೆ ಕೇಳಿದಾಗ ಮೊದಲು ಒಂದು ಹುಡುಕಾಟ ನಡೆಯುತ್ತೆ, ಕೆಲವು ಪುಟಗಳು ಆಯ್ಕೆ ಆಗ್ತವೆ, ಆಮೇಲೆ ಭಾಷಾ ಮಾಡೆಲ್ ಅವನ್ನ ಓದಿ ಉತ್ತರ ಕಟ್ಟುತ್ತೆ. ಇಂಥ ಎಷ್ಟೋ ವ್ಯವಸ್ಥೆಗಳಲ್ಲಿ ಪುಟ ಇಡಿಯಾಗಿ ಹೋಗಲ್ಲ, ತುಂಡು ತುಂಡಾಗಿ ಹೋಗುತ್ತೆ. ಡಾಕ್ಟರ ಹೆಸರು ಇರೋದು ಪುಟದ ತಲೆಯಲ್ಲಿ, ಮುದ್ದೆಯ ಗ್ರಾಂ ಲೆಕ್ಕ ಇರೋದು ಎಂಟನೇ ಪ್ಯಾರಾದಲ್ಲಿ. ಎಂಟನೇ ಪ್ಯಾರಾ ಒಂದೇ ಮಾಡೆಲ್ ಕೈಗೆ ಸಿಕ್ಕರೆ ಅದಕ್ಕೆ ಡಾಕ್ಟರೂ ಕಾಣಲ್ಲ, ಅವರ ಡಿಗ್ರಿಯೂ ಕಾಣಲ್ಲ. ಅಂದ್ರೆ ಹೆಸರಿನ ಪ್ರಭಾವ ಅಳೆಯೋದು ಅಂದ್ರೆ ಎರಡು ಬಾಗಿಲಲ್ಲಿ ನಿಂತು ಎಣಿಸೋ ಕೆಲಸ. ಹುಡುಕಾಟದಲ್ಲಿ ಪುಟ ಆಯ್ಕೆ ಆಗೋದು ಒಂದು, ಆಯ್ಕೆ ಆದ ಮೇಲೆ ಉತ್ತರದಲ್ಲಿ ಜಾಗ ಸಿಗೋದು ಇನ್ನೊಂದು. ಎರಡನ್ನೂ ಕಲಸಿ ಒಂದೇ ಅಂಕಿ ಕೊಟ್ಟರೆ ಏನೂ ಗೊತ್ತಾಗಲ್ಲ.

ಎರಡನೇ ಬಾಗಿಲಲ್ಲಿ ನಿಂತು ಅಳೆದವರು ಇದ್ದಾರೆ. ಪ್ರಿನ್ಸ್‌ಟನ್, ಐಐಟಿ ದೆಹಲಿ ಮುಂತಾದ ಕಡೆಯ ಸಂಶೋಧಕರು 2023ರಲ್ಲಿ ಜನರೇಟಿವ್ ಎಂಜಿನ್ ಆಪ್ಟಿಮೈಸೇಶನ್, ಅಂದ್ರೆ ಜಿಇಒ, ಅನ್ನೋ ಪೇಪರ್ ಹೊರತಂದರು. 10,000 ಪ್ರಶ್ನೆಗಳನ್ನ ಇಟ್ಟುಕೊಂಡು, ಒಂದು ಪುಟದ ಬರಹವನ್ನ 9 ರೀತಿ ಬದಲಾಯಿಸಿ, ಉತ್ತರದಲ್ಲಿ ಆ ಪುಟಕ್ಕೆ ಎಷ್ಟು ಪದ ಸಿಕ್ತು, ಎಷ್ಟು ಮೇಲೆ ಸಿಕ್ತು ಅಂತ ಲೆಕ್ಕ ಹಾಕಿದ್ರು. ಹೇಳಿಕೆಗಳು, ಅಂಕಿಅಂಶ, ಮೂಲಗಳ ಉಲ್ಲೇಖ ಸೇರಿಸಿದಾಗ ಕಾಣಿಸಿಕೊಳ್ಳೋದು ಶೇ. 40ರವರೆಗೂ ಏರಿತು. ಬರೀ ಅಧಿಕಾರದ ಧಾಟಿಯಲ್ಲಿ ಬರೆದಾಗ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಇದನ್ನ ಓದಿದಾಗ ನನ್ನ ಎಡಿಟರ್ ನೆನಪಾದ್ರು. ಪ್ರತಿ ಪ್ಯಾರಾಗೂ ಒಂದು ಅಂಕಿ! ಅವರು ಪೇಪರ್ ಓದಿದ್ರೋ ಇಲ್ವೋ, ಅದರ ಸಾರ ಅವರಿಗೆ ಗೊತ್ತಿತ್ತು. ಇನ್ನೊಂದು ಮಾತು. ಆ ಪ್ರಯೋಗದಲ್ಲಿ ಬರಹ ಬದಲಾಯಿಸಿದ್ದು ಆಯಾ ವಿಷಯದ ತಜ್ಞರಲ್ಲ, ಒಂದು ಭಾಷಾ ಮಾಡೆಲ್. ತಜ್ಞರು ಯಾರೂ ಮುಟ್ಟದೇ ಇದ್ರೂ ಪುಟ ಮೇಲೆ ಬಂತು.

ಇದಕ್ಕೆ ಸ್ವಲ್ಪ ಉಲ್ಟಾ ಹೇಳೋ ಅಧ್ಯಯನವೂ ಇದೆ. 2024ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಸಂಶೋಧಕರು ವಾದ ಇರೋ ಪ್ರಶ್ನೆಗಳನ್ನ ತಗೊಂಡ್ರು, ಉದಾಹರಣೆಗೆ ಆಸ್ಪರ್ಟೇಮ್‌ನಿಂದ ಕ್ಯಾನ್ಸರ್ ಬರುತ್ತಾ ಅನ್ನೋ ಥರದ್ದು. ಹೌದು ಅನ್ನೋ ಪುಟ, ಇಲ್ಲ ಅನ್ನೋ ಪುಟ ಎರಡನ್ನೂ ಕೊಟ್ಟಾಗ ಮಾಡೆಲ್ ಯಾವುದನ್ನ ನಂಬುತ್ತೆ ಅಂತ ನೋಡಿದ್ರು. ಪುಟ ಪ್ರಶ್ನೆಗೆ ಎಷ್ಟು ಹತ್ತಿರ ಇದೆ ಅನ್ನೋದೇ ಮುಖ್ಯ ಆಯ್ತು. ವೈಜ್ಞಾನಿಕ ಉಲ್ಲೇಖ, ನಿಷ್ಪಕ್ಷಪಾತ ಧಾಟಿ, ಅಂದ್ರೆ ನಾವು ಮನುಷ್ಯರು ನೋಡೋ ಗುರುತುಗಳನ್ನ ಮಾಡೆಲ್ ಬಹುಮಟ್ಟಿಗೆ ಲೆಕ್ಕಕ್ಕೇ ತಗೊಳ್ಳಲಿಲ್ಲ. ಎರಡು ಪೇಪರೂ ಜಗಳ ಆಡ್ತಿವೆ ಅನ್ನಿಸಬಹುದು. ಆದ್ರೆ ಒಂದು ಅಳೆದಿದ್ದು ಕಾಣಿಸಿಕೊಳ್ಳೋದನ್ನ, ಇನ್ನೊಂದು ನಂಬಿಸೋದನ್ನ.

ಹಾಗಿದ್ರೆ ಲೇಖಕರ ಹೆಸರನ್ನ ಹೇಗೆ ಅಳೆಯಬೇಕು? ತಜ್ಞರ ಹೆಸರಿರೋ ಪುಟಗಳನ್ನ ಎಐ ಎಷ್ಟು ಸಲ ತೋರಿಸ್ತು ಅಂತ ಎಣಿಸಿದ್ರೆ ಸಾಲದು. ತಜ್ಞರು ಬರೆಯೋದು ಸಾಮಾನ್ಯವಾಗಿ ದೊಡ್ಡ ಸೈಟುಗಳಲ್ಲಿ, ಅಲ್ಲಿ ಎಡಿಟರ್ ಇರ್ತಾರೆ, ಲಿಂಕುಗಳು ಬೇಕಾದಷ್ಟು ಬರ್ತವೆ. ಕೆಲಸ ಮಾಡಿದ್ದು ಹೆಸರಾ, ಸೈಟಾ, ಲಿಂಕಾ ಅಂತ ಬಿಡಿಸೋಕಾಗಲ್ಲ. ಬರಹ ಒಂದಕ್ಷರ ಬದಲಾಗದೆ ಹೆಸರು ಮಾತ್ರ ಬದಲಾಗಬೇಕು. ಹೆಸರೇ ಇಲ್ಲದ್ದು, ಸುಮ್ನೆ ಒಂದು ಹೆಸರು, ಡಿಗ್ರಿ ಸಮೇತ ಹೆಸರು, ಹೀಗೆ. ಒಂದೇ ಪ್ರಶ್ನೆಯನ್ನ ಹತ್ತಾರು ಸಲ ಕೇಳಬೇಕು, ಯಾಕಂದ್ರೆ ಬೆಳಗ್ಗೆ ಕೊಟ್ಟ ಉತ್ತರವನ್ನ ಅದು ಸಂಜೆ ಕೊಡಲ್ಲ. ಲ್ಯಾಬಲ್ಲಿ ಒಂದು ರೀಡಿಂಗ್ ತಗೊಂಡು ಉಳಿದದ್ದನ್ನ ಪಕ್ಕದ ಬ್ಯಾಚಿಂದ ಕಾಪಿ ಮಾಡೋ ನಮ್ಮ ಪದ್ಧತಿ ಇಲ್ಲಿ ನಡೆಯಲ್ಲ. ಎರಡನೇ ಬಾಗಿಲಿನ ಮಟ್ಟಿಗೆ ಇದು ಒಂದು ಮಿನಿ ಪ್ರಾಜೆಕ್ಟಲ್ಲಿ ಮುಗಿಯೋ ಕೆಲಸ. ನನಗೆ ಇಬ್ಬರು ಜೊತೆ ಬೇಕು, ಯಾರಾದ್ರೂ ಇದ್ರೆ ಹೇಳಿ.

ಆದ್ರೆ ಇಷ್ಟು ಚೆನ್ನಾಗಿ ಅಳೆದ ಮೇಲೂ ನಮ್ಮ ಕೈಗೆ ಸಿಗೋದು ಹೆಸರಿನ ಬೆಲೆ, ತಜ್ಞರ ಬೆಲೆ ಅಲ್ಲ. ನನ್ನ ತಕರಾರು ಇರೋದೇ ಇಲ್ಲಿ. 2023ರ ನವೆಂಬರಲ್ಲಿ ಅಮೆರಿಕದ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಸೈಟಲ್ಲಿ ಅಸ್ತಿತ್ವದಲ್ಲೇ ಇಲ್ಲದ ಲೇಖಕರು ಸಿಕ್ಕಿಬಿದ್ದರು. ಹೆಸರು, ಪರಿಚಯ ಎಲ್ಲ ಇತ್ತು, ಮುಖ ಮಾತ್ರ ಎಐ ಮಾಡಿದ್ದು. ಹೊರಗಿನ ಕಂಪನಿ ಕೊಟ್ಟ ಬರಹ ಅಂತ ಪ್ರಕಾಶಕರು ಹೇಳಿ ಪುಟಗಳನ್ನ ತೆಗೆದರು. ನನ್ನ ಪ್ರಯೋಗದಲ್ಲಿ ಆ ಸುಳ್ಳು ಮುಖ ಮತ್ತು ನಿಜವಾದ ಡಾಕ್ಟರ್ ಇಬ್ಬರಿಗೂ ಒಂದೇ ಮಾರ್ಕ್ಸ್ ಬೀಳುತ್ತೆ. ಎಐಗೆ ಕಾಣೋದು ಅಕ್ಷರ. ಡಾಕ್ಟರ್ ನಿಜವಾಗಿ ಕೂತು ಓದಿದ್ರೆ ಆ ಗ್ರಾಂ ಲೆಕ್ಕ ನೋಡಿ ಇದೆಲ್ಲಿಂದ ಬಂತು ಅಂತ ಕೇಳ್ತಿದ್ರು. ಆ ಕೇಳೋದಕ್ಕೇ ತಜ್ಞರು ಬೇಕಾಗಿದ್ದು. ಓದಿದವರು ಯಾರು, ಯಾವ ದಿನ ಓದಿದ್ರು, ಅವರ ನೋಂದಣಿ ಸಂಖ್ಯೆ ಏನು, ಕೇಳಿದ್ರೆ ಹೌದು ನಾನೇ ಅಂತಾರಾ, ಇದನ್ನ ಪರೀಕ್ಷಿಸಿ ಆಮೇಲೆ ಮೇಲೆ ತರೋ ಸರ್ಚ್ ಬಂದ್ರೆ ಆಗ ಅಳೆಯೋಣ ತಜ್ಞರ ಪ್ರಭಾವನ. ಅಲ್ಲೀವರೆಗೆ ಅಳೀತಿರೋದು ವೇಷವನ್ನ. ಆ ವೇಷ ಹೊಲಿದುಕೊಡೋರು ನಮ್ಮಂಥ ಸ್ಟೂಡೆಂಟ್ಸ್. ದುಡ್ಡು ಬೇಕಿತ್ತು, ತಗೊಂಡೆ, ಅದನ್ನ ಮುಚ್ಚಿಡಲ್ಲ.

ನಮ್ಮಪ್ಪನಿಗೆ ಶುಗರ್ ಇದೆ. ಹೋದ ಸಲ ಮನೆಗೆ ಹೋದಾಗ ಅವರು ಫೋನ್ ಹತ್ತಿರ ಇಟ್ಟುಕೊಂಡು ರಾತ್ರಿ ಮುದ್ದೆ ತಿನ್ನಬಹುದಾ ಅಂತ ಕನ್ನಡದಲ್ಲೇ ಕೇಳ್ತಿದ್ರು. ಉತ್ತರ ಕನ್ನಡದಲ್ಲೇ ಬಂತು, ಕೆಳಗೆ ಇದ್ದ ಮೂಲಗಳೆಲ್ಲ ಇಂಗ್ಲಿಷ್. ಫೋನ್ ಕಿತ್ಕೊಂಡು ಒಂದೊಂದೇ ಒತ್ತಿ ನೋಡಿದೆ. ನನ್ನ ಲೇಖನ ಇರಲಿಲ್ಲ. ಇನ್ಯಾವುದೋ ಸೈಟ್, ಇನ್ಯಾರೋ ಡಾಕ್ಟರ ಫೋಟೋ. ಅದನ್ನ ಬರೆದ ಹುಡುಗ ಯಾವ ಕಾಲೇಜೋ. ಏನಾಯ್ತೋ ಅಂತ ಅಪ್ಪ ಕೇಳಿದ್ರು, ಏನಿಲ್ಲ, ನಿಮ್ಮ ಡಾಕ್ಟರನ್ನೇ ಕೇಳಿ ಅಂದೆ.

ಆ ಗ್ರಾಂ ಸಾಲು ತೆಗೀರಿ ಅಂತ ಕಂಪನಿಗೆ ಎರಡು ಸಲ ಮೇಲ್ ಹಾಕಿದ್ದೀನಿ. ಉತ್ತರ ಬಂದಿಲ್ಲ. ಪುಟ ಇನ್ನೂ ಹಾಗೇ ಇದೆ.