ಲಗ್ನಪತ್ರಿಕೆ ಕನ್ನಡದಲ್ಲಿ, ಗುಳಿಗೆಯ ಚೀಟಿ ಇಂಗ್ಲಿಷಿನಲ್ಲಿ!



ಆಳಂದ ತಾಲ್ಲೂಕಿನ ಭೂಸನೂರ ಕಡೆಯ ಒಬ್ಬ ಹೆಣ್ಣುಮಗಳು ಕಲಬುರಗಿಯ ಖಾಸಗಿ ದವಾಖಾನೆಯೊಂದರ ಬೆಂಚಿನ ಮೇಲೆ ಕೂತಿದ್ದಳು. ಐದು ತಿಂಗಳ ಬಸುರಿ. ಚೊಚ್ಚಲು. ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟು. ಪಕ್ಕದಲ್ಲಿ ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬಂದ ಅಣ್ಣ. ಅವನ ಗೆಳೆಯನೆಂದು ನಾನೂ ಜೊತೆಗೆ ಹೋಗಿದ್ದೆ.

“ಅಣ್ಣಾ, ಇದ್ರಾಗ ಏನ್ ಬರದಾರ?” ಎಂದಳು.

ಅಣ್ಣ ಡಿಗ್ರಿ ಓದಿದವನು. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ವ್ಯವಹರಿಸುವವನು. ಅವನಿಗೂ ತಿಳಿಯಲಿಲ್ಲ. ‘ಅನೆನ್ಸೆಫಲಿ’ ಎಂಬುದೊಂದು ಪದ ಅಲ್ಲಿತ್ತು. ಒಳಗಿದ್ದ ಡಾಕ್ಟರು ಎರಡು ನಿಮಿಷ ಏನೋ ಹೇಳಿ ಮುಂದಿನ ಪೇಷಂಟನ್ನು ಕರೆದಿದ್ದರು. ಕೊನೆಗೆ ನಾನೇ ಹೇಳಬೇಕಾಯಿತು: ಕೂಸಿನ ತಲೆಬುರುಡೆ ಕೂಡಿಲ್ಲ, ಮಿದುಳು ಬೆಳೆದಿಲ್ಲ, ಹುಟ್ಟಿದರೂ ಉಳಿಯುವುದಿಲ್ಲ.

ಆಕೆ ಅಳಲಿಲ್ಲ. “ನಾ ಏನ್ ತಪ್ಪ ಮಾಡೀನ್ರಿ?” ಎಂದು ಕೇಳಿದಳು.

ಆ ಪ್ರಶ್ನೆಗೆ ಊರಿನಲ್ಲಿ ಉತ್ತರ ಸಿದ್ಧವಾಗಿತ್ತು. ಗ್ರಹಣದ ದಿನ ಹೊರಗೆ ಬಂದಿದ್ದಳು ಎಂದರು ಒಬ್ಬರು. ಅವಳ ಕಾಲ್ಗುಣ ಎಂದರು ಇನ್ನೊಬ್ಬರು. ಗೆಳೆಯರೇ, ಗಮನಿಸಿ. ಮೂಢನಂಬಿಕೆ ಆಕೆಯ ಜೊತೆ ಅಚ್ಚ ಕನ್ನಡದಲ್ಲಿ ಮಾತಾಡಿತು. ವಿಜ್ಞಾನ ಮಾತ್ರ ಇಂಗ್ಲಿಷಿನಲ್ಲಿ ಗೊಣಗಿ ಬಾಗಿಲು ಹಾಕಿಕೊಂಡಿತು! ಹಾಗಿದ್ದ ಮೇಲೆ ನಮ್ಮ ಜನ ಯಾರನ್ನು ನಂಬಬೇಕು?

ಈ ದೋಷದ ಬಗ್ಗೆ ವಿಜ್ಞಾನಕ್ಕೆ ಏನು ಗೊತ್ತಿದೆ, ಎಂದಿನಿಂದ ಗೊತ್ತಿದೆ ಎಂಬುದನ್ನು ಈಗ ಕನ್ನಡದಲ್ಲೇ ಕೇಳಿ.

ಗರ್ಭ ಕಟ್ಟಿದ ಮೊದಲ ವಾರಗಳಲ್ಲಿ ಕೂಸಿನ ಬೆನ್ನಿನ ಉದ್ದಕ್ಕೂ ಒಂದು ಪಟ್ಟಿ ಮಡಚಿಕೊಂಡು ಕೊಳವೆಯಾಗುತ್ತದೆ. ಅದೇ ನರನಾಳ. ಮುಂದೆ ಅದೇ ಮಿದುಳು, ಅದೇ ಬೆನ್ನುಹುರಿ. ಈ ಕೊಳವೆ 28 ದಿನಗಳ ಒಳಗೆ ಪೂರ್ತಿ ಮುಚ್ಚಿಕೊಳ್ಳಬೇಕು. ತಲೆಯ ಕಡೆ ಮುಚ್ಚದಿದ್ದರೆ ಆ ಹೆಣ್ಣುಮಗಳಿಗೆ ಬಂದ ಗತಿ. ಬೆನ್ನಿನ ಕಡೆ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ: ಬೆನ್ನಿನ ಮೇಲೆ ಗಡ್ಡೆ, ಎಷ್ಟೋ ಮಕ್ಕಳಿಗೆ ಕಾಲಿನಲ್ಲಿ ಬಲವಿಲ್ಲ, ಮಲಮೂತ್ರದ ಮೇಲೆ ಹಿಡಿತವಿಲ್ಲ, ಬದುಕಿಡೀ ಆಪರೇಷನ್ನು.

28 ದಿನ! ಮುಟ್ಟು ನಿಂತಿದೆ ಎಂದು ಹೆಣ್ಣಿಗೆ ಗೊತ್ತಾಗಿ, ಅತ್ತೆಗೆ ಹೇಳಿ, ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಆ ಬಾಗಿಲು ಮುಚ್ಚಿಯಾಗಿರುತ್ತದೆ.

ಇದನ್ನು ಬಹುಮಟ್ಟಿಗೆ ತಡೆಯುವ ವಸ್ತು ಯಾವುದು? ಫೋಲಿಕ್ ಆಸಿಡ್ ಎಂಬ ಅಗ್ಗದ ಗುಳಿಗೆ. ಸೊಪ್ಪಿನಲ್ಲಿ, ಬೇಳೆಯಲ್ಲಿ ಇರುವ ಒಂದು ಬಿ ಜೀವಸತ್ವ. ಇದರ ಕಥೆ ಶುರುವಾದದ್ದೂ ನಮ್ಮ ನೆರೆಯಲ್ಲೇ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬೈಗೆ ಬಂದಳು. ಬಟ್ಟೆ ಗಿರಣಿಯ ಬಸುರಿ ಹೆಂಗಸರು ರಕ್ತಹೀನತೆಯಿಂದ ಸಾಯುತ್ತಿದ್ದುದನ್ನು ಕಂಡಳು. ಯೀಸ್ಟಿನ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಾರೆಂದು 1931ರಲ್ಲಿ ಬರೆದಳು. ಆ ಸಾರದೊಳಗಿದ್ದ ಗುಣವೇ ಫೋಲಿಕ್ ಆಸಿಡ್ ಎಂದು ಆಮೇಲೆ ತಿಳಿಯಿತು. ಸೊಲ್ಲಾಪುರ, ಮುಂಬೈಗೆ ದುಡಿಯಲು ಹೋಗುವುದು ನಮ್ಮ ಆಳಂದ, ಅಫಜಲಪುರ ಸೀಮೆಗೆ ಹೊಸದೇನಲ್ಲ. ಗಿರಣಿ ಕೂಲಿಗಳ ರಕ್ತದಿಂದ ಜಗತ್ತು ಕಲಿತ ಪಾಠ ಇದು!

1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳ 33 ಕೇಂದ್ರಗಳಲ್ಲಿ 1817 ಹೆಂಗಸರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಹೊರಬಂತು. ಮೊದಲು ಇಂಥ ಕೂಸು ಹೆತ್ತ ತಾಯಂದಿರು ಗರ್ಭ ಕಟ್ಟುವ ಮೊದಲೇ ಫೋಲಿಕ್ ಆಸಿಡ್ ತೆಗೆದುಕೊಂಡರೆ, ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ಕಡಿಮೆ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ 1988ರಿಂದ ಇಂಥದೇ ಪರೀಕ್ಷೆ ನಡೆಸುತ್ತಿತ್ತು. ಬ್ರಿಟನ್ನಿನ ಫಲಿತಾಂಶ ಬಂದ ಮೇಲೆ, ಇನ್ನು ಯಾರಿಗೂ ಗುಳಿಗೆ ತಪ್ಪಿಸುವುದು ನ್ಯಾಯವಲ್ಲವೆಂದು ಅದನ್ನು ನಿಲ್ಲಿಸಲಾಯಿತು. ಅಲ್ಲಿಯೂ ಮರುಕಳಿಸಿದ್ದು ಗುಳಿಗೆ ಸಿಕ್ಕವರಲ್ಲಿ ನೂರಕ್ಕೆ 2.92, ಸಿಗದವರಲ್ಲಿ 7.04. ಸಂಖ್ಯೆ ಸಣ್ಣದು, ದಿಕ್ಕು ಅದೇ. ಅಮೆರಿಕ 1998ರಿಂದ ಹಿಟ್ಟಿಗೇ ಫೋಲಿಕ್ ಆಸಿಡ್ ಬೆರೆಸುವುದನ್ನು ಕಡ್ಡಾಯ ಮಾಡಿತು.

ನಮ್ಮ ಕರ್ನಾಟಕದ ಕಥೆ ಏನು? ದಾವಣಗೆರೆಯ ಮಕ್ಕಳ ತಜ್ಞ ಡಾ. ಎಂ.ಎಲ್. ಕುಲಕರ್ಣಿ ಮತ್ತು ಸಂಗಡಿಗರು 1980ರ ದಶಕದಲ್ಲಿ 3500 ಹೆರಿಗೆಗಳನ್ನು ಒಂದೊಂದಾಗಿ ನೋಡಿ ಲೆಕ್ಕ ಇಟ್ಟರು. ನರನಾಳ ದೋಷ ಸಾವಿರಕ್ಕೆ 11.4! ಕಷ್ಟದ ಹೆರಿಗೆಗಳೇ ಆಸ್ಪತ್ರೆಗೆ ಹೆಚ್ಚು ಬರುತ್ತವೆ ಎಂದು ಸ್ವಲ್ಪ ಕಳೆದರೂ ಇದು ಬೆಚ್ಚಿಬೀಳಿಸುವ ಸಂಖ್ಯೆ. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ 1987ರಲ್ಲೇ ಇದನ್ನು ಅಚ್ಚು ಹಾಕಿತು. ದಾವಣಗೆರೆಯ ಕೂಸುಗಳ ಸುದ್ದಿ ಲಂಡನ್ನಿಗೆ ಮುಟ್ಟಿತು. ದಾವಣಗೆರೆಯ ತಾಯಿಗೆ ಮುಟ್ಟಿತೇ? ಭೂಸನೂರಿಗೆ ಮುಟ್ಟಿತೇ?

ಬೆಳಗಾವಿಯನ್ನೂ ನೋಡಿ. ಬೆಳಗಾವಿ ನಮ್ಮದು ಎಂದು ಗಂಟಲು ಹರಿಯುವಂತೆ ಘೋಷಣೆ ಕೂಗುವ ನಾವು, ಅಲ್ಲಿನ ಹಳ್ಳಿಯ ತಾಯಂದಿರು ಜಗತ್ತಿಗೆ ಏನು ಕೊಟ್ಟರು ಎಂದು ಕೇಳಿದ್ದೇವೆಯೇ? ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಗುಳಿಗೆ ಸಾಕೇ ಎಂದು ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 1620 ಹೆಂಗಸರಲ್ಲಿ ಪರೀಕ್ಷಿಸಿದರು. ಗುಳಿಗೆ ಕೊಟ್ಟವರು ಹಳ್ಳಿಯ ನರ್ಸಮ್ಮಂದಿರು. ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಅದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಕನ್ನಡ ನೆಲದ ಹಳ್ಳಿ ಹೆಂಗಸರ ಒಪ್ಪಿಗೆಯಿಂದ, ಅವರ ಒಡಲಿನಿಂದ ಹುಟ್ಟಿದ ಜ್ಞಾನ! ಇದು ನಮ್ಮ ಪಠ್ಯಪುಸ್ತಕದಲ್ಲಿ ಒಂದು ಪಾಠವಾಗಬೇಕಿತ್ತು.

ಇಷ್ಟು ಹೇಳಿದರೆ ಕೆಲವರು ಮೂಗು ಮುರಿಯುತ್ತಾರೆ. “ವೈದ್ಯಕೀಯ ಎಲ್ಲಾದರೂ ಕನ್ನಡದಲ್ಲಿ ಸಾಧ್ಯವೇ?” ಎನ್ನುತ್ತಾರೆ. ಸ್ವಾಮಿ, ಡಾ. ಅನುಪಮಾ ನಿರಂಜನ ಅವರು ‘ತಾಯಿ ಮಗು’ ಬರೆದದ್ದು ಯಾವ ಭಾಷೆಯಲ್ಲಿ? ‘ವಧುವಿಗೆ ಕಿವಿಮಾತು’ ಬರೆದದ್ದು ಯಾವ ಭಾಷೆಯಲ್ಲಿ? ಬಸಿರು, ಬಾಣಂತನ, ಮುಟ್ಟು, ಹಾಲೂಡಿಸುವುದು, ಎಲ್ಲವನ್ನೂ ನಾಚಿಕೆಯಿಲ್ಲದ ಸರಳ ಕನ್ನಡದಲ್ಲಿ ಹೇಳಿದ ವೈದ್ಯೆ ಆಕೆ. ಫೋಲಿಕ್ ಆಸಿಡ್ಡಿನ ಸತ್ಯ ಸಾಬೀತಾದ 1991ರಲ್ಲೇ, ಅದಕ್ಕೆ ಕೆಲವು ತಿಂಗಳ ಮೊದಲು, ಆಕೆ ತೀರಿಕೊಂಡರು. ಬದುಕಿದ್ದರೆ ವಧುವಿಗೆ ಹೇಳುವ ಮೊದಲ ಕಿವಿಮಾತೇ ಇದಾಗುತ್ತಿತ್ತೋ ಏನೋ. ಕನ್ನಡಕ್ಕೆ ಶಕ್ತಿ ಇದೆ. ಹೇಳುವವರಿಗೆ ಮನಸ್ಸಿಲ್ಲ, ಅಷ್ಟೆ.

ಸರ್ಕಾರ ಏನೂ ಮಾಡಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ತಾಯಿ ಕಾರ್ಡು ಕನ್ನಡದಲ್ಲಿದೆ. ಆದರೆ ಅದು ಕೈಗೆ ಬರುವುದು ಬಸಿರು ನೋಂದಣಿಯಾದ ಮೇಲೆ, ಅಂದರೆ ಎಷ್ಟೋ ಸಲ ಆ 28 ದಿನ ಕಳೆದ ಮೇಲೆ! ಶಾಲೆಯಲ್ಲಿ, ಅಂಗನವಾಡಿಯಲ್ಲಿ ಹುಡುಗಿಯರಿಗೆ ವಾರಕ್ಕೊಂದು ನೀಲಿ ಗುಳಿಗೆಯ ಯೋಜನೆ ಇದೆ. ಶಾಲೆ ಬಿಟ್ಟ ಹುಡುಗಿಗೆ, ಮದುವೆ ಗೊತ್ತಾದ ಹುಡುಗಿಗೆ ಯಾರು ಕೊಡುತ್ತಾರೆ? 2018ರ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ನಿಯಮದಲ್ಲೇ ಇದೆ: ಗರ್ಭ ಕಟ್ಟುವ ಮೊದಲಿನಿಂದ ಮೂರು ತಿಂಗಳು ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಬೇಕು. ದಿಲ್ಲಿಯಲ್ಲಿ ಬರೆದಾಗಿದೆ. ಭೂಸನೂರಿನ ಮದುವೆ ಹಂದರಕ್ಕೆ ಅದನ್ನು ಯಾರು ತಂದು ಓದಿದರು?

ರೇಷನ್ ಅಕ್ಕಿಗೆ ಕಬ್ಬಿಣಾಂಶ, ಫೋಲಿಕ್ ಆಸಿಡ್ ಬೆರೆಸುವ ಯೋಜನೆಯನ್ನು ಪ್ರಧಾನಿ 2021ರಲ್ಲಿ ಘೋಷಿಸಿದರು. ಒಳ್ಳೆಯದೇ. ಆದರೆ ಒಂದು ಕೆ.ಜಿ. ಅಕ್ಕಿಗೆ ಬೆರೆಸಲು ನಿಗದಿ ಮಾಡಿದ್ದು 75ರಿಂದ 125 ಮೈಕ್ರೋಗ್ರಾಂ. ಬೇಕಾದದ್ದು ದಿನಕ್ಕೆ 400! ಸಾಲದ್ದಕ್ಕೆ ನಮ್ಮ ಸೀಮೆಯ ಜನ ಉಣ್ಣುವುದು ಜೋಳದ ರೊಟ್ಟಿ. ತೊಗರಿಯ ಕಣಜ ನಮ್ಮ ಕಲಬುರಗಿ. ತೊಗರಿ ಬೇಳೆಯಲ್ಲಿ, ಪುಂಡಿ ಪಲ್ಯದಲ್ಲಿ, ಮೆಂತ್ಯೆಯಲ್ಲಿ ಈ ಸತ್ವ ಇದೆ. ಉಣ್ಣಬೇಕು. ಆದರೆ ಕುದಿಸಿದರೆ, ಕಟ್ಟು ಚೆಲ್ಲಿದರೆ ಬಹಳಷ್ಟು ಹೋಗುತ್ತದೆ. ಪಲ್ಯ ಉಂಡೆವೆಂದು ಗುಳಿಗೆ ಬಿಡುವಂತಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ರೂಢಿ. 1980ರ ದಶಕದಲ್ಲಿ ರಾಜ್ಯದ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳ ರಕ್ತ ಪರೀಕ್ಷೆ ಮಾಡಿದ ವಿಜ್ಞಾನಿಗಳು ತಂದೆ ತಾಯಿಯ ಸಂಬಂಧವನ್ನೂ ಕೇಳಿ ಬರೆದರು. ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ್ದು! ಇಂಥ ಮದುವೆಯಲ್ಲಿ ಕೆಲವು ಹುಟ್ಟು ದೋಷಗಳ ಸಂಭವ ಹೆಚ್ಚು. ಹೊಲ ಮನೆ ಹೊರಗೆ ಹೋಗಬಾರದೆಂದು ಮಗಳನ್ನು ತಮ್ಮನಿಗೆ ಕಟ್ಟುವ ಮೊದಲು ಇದನ್ನೂ ಯೋಚಿಸಬೇಕು. ಆದರೆ ದೋಷ ಬಂದಾಗ ಹೆಣ್ಣೊಬ್ಬಳನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಹೇಡಿತನ. ದೂರದ ಸಂಬಂಧದವರಲ್ಲೂ, ಸಂಬಂಧವೇ ಇಲ್ಲದವರಲ್ಲೂ ಇದು ಬರುತ್ತದೆ. ಸಿಹಿಮೂತ್ರ ಹತೋಟಿಯಲ್ಲಿಲ್ಲದಿದ್ದರೆ, ಮೂರ್ಛೆರೋಗಕ್ಕೆ ವಾಲ್ಪ್ರೊಯೇಟ್ ಎಂಬ ಔಷಧ ನುಂಗುತ್ತಿದ್ದರೆ ಅಪಾಯ ಏರುತ್ತದೆ. ಹಾಗೆಂದು ಆ ಔಷಧವನ್ನು ತಾನಾಗಿ ಬಿಡಬಾರದು. ಗರ್ಭ ಕಟ್ಟುವ ಮೊದಲೇ ಡಾಕ್ಟರನ್ನು ಕೇಳಬೇಕು. ಈ ಎಚ್ಚರಿಕೆ ಔಷಧದ ಡಬ್ಬಿಯೊಳಗಿನ ಚೀಟಿಯಲ್ಲಿ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಅಚ್ಚಾದರೆ ಅದು ಯಾರಿಗಾಗಿ?

2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ಆಳಂದ, ಅಫಜಲಪುರ, ಜೇವರ್ಗಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಬರೆಯಿತು. ಆಮೇಲೆ 371ಜೆ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ರಸ್ತೆ, ಕಟ್ಟಡ ಬರಲಿ. ಆದರೆ ತಿಳಿವಳಿಕೆ ತಾಯಿಯ ಭಾಷೆಯಲ್ಲಿ ಬರದಿದ್ದರೆ ಯಾವ ಕಲ್ಯಾಣ? ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ ಆರೋಗ್ಯ ಸಚಿವರಿಗೆ ಬರೆದಾಗ ಎಷ್ಟು ಜನ ನಕ್ಕರು! ನಕ್ಕವರು ಒಮ್ಮೆ ಆ ಬೆಂಚಿನ ಮೇಲೆ ಕೂತು ನೋಡಲಿ.

ನಮ್ಮ ಬೇಡಿಕೆಗಳು ಸ್ಪಷ್ಟ:

1. ಸ್ಕ್ಯಾನಿಂಗ್ ರಿಪೋರ್ಟಿನ ಕೊನೆಗೆ ನಾಲ್ಕು ಸಾಲು ಕನ್ನಡ ಕಡ್ಡಾಯವಾಗಲಿ. ಏನಾಗಿದೆ, ಮುಂದೇನು, ಕಾನೂನಿನಲ್ಲಿ ದಾರಿ ಏನಿದೆ ಎಂದು ಅದರಲ್ಲಿರಲಿ. ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿಯ ಒಪ್ಪಿಗೆಯಿಂದ 24 ವಾರ ದಾಟಿದ ಮೇಲೂ ಗರ್ಭಪಾತಕ್ಕೆ 2021ರ ತಿದ್ದುಪಡಿ ಅವಕಾಶ ಕೊಡುತ್ತದೆ. ಇದು ಎಷ್ಟು ಹೆಂಗಸರಿಗೆ ಗೊತ್ತು?

2. ಬಸುರಿಯರಿಗೆ ಕೊಡುವ ಪ್ರತಿ ಗುಳಿಗೆಯ ಹಾಳೆಯ ಮೇಲೆ ಹೆಸರು, ಪ್ರಮಾಣ, ಎಚ್ಚರಿಕೆ ಕನ್ನಡದಲ್ಲಿರಲಿ.

3. ಮದುವೆ ನಿಶ್ಚಯವಾದ ಹುಡುಗಿಗೆ ಫೋಲಿಕ್ ಆಸಿಡ್ ಮುಟ್ಟಿಸುವ ಹೊಣೆ ಆರೋಗ್ಯ ಇಲಾಖೆ ಹೊರಲಿ.

4. ಕನ್ನಡ ನೆಲದ ಹೆಂಗಸರ ಮೇಲೆ ನಡೆದ ಸಂಶೋಧನೆಯ ಫಲಿತಾಂಶ ಆಯಾ ಊರಿಗೆ ಕನ್ನಡದಲ್ಲಿ ಮರಳಲಿ.

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರಬೇಡಿ. ಬೆಂಗಳೂರಿನಲ್ಲಿ, ಪುಣೆಯಲ್ಲಿ ಕೂತು ಇದನ್ನು ಓದುತ್ತಿರುವ ಗೆಳೆಯ, ನಿನ್ನ ತಂಗಿಯ ಮದುವೆ ಗೊತ್ತಾಗಿದೆಯೇ? ನಿನ್ನದೇ ಮದುವೆಯೇ? ಇವತ್ತೇ ಫೋನ್ ಮಾಡು. ಗರ್ಭ ಕಟ್ಟುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ದಿನಕ್ಕೊಂದು ಗುಳಿಗೆ ಎಂದು ಹೇಳು. ಮೊದಲು ಇಂಥ ಕೂಸು ಕಳೆದುಕೊಂಡವರಿಗೆ ಹತ್ತು ಪಟ್ಟು ಬೇಕಾಗುತ್ತದೆ, ಡಾಕ್ಟರನ್ನು ಕಾಣು ಎಂದು ಹೇಳು. ನಾಚಿಕೊಳ್ಳಬೇಡ. ಸೀರೆ, ಬಂಗಾರದ ಮಾತಾಡುವ ಅಣ್ಣ ಇದನ್ನೂ ಮಾತಾಡಬಹುದು.

ಆ ಹೆಣ್ಣುಮಗಳಿಗೆ ನಾನು ಆ ದಿನ ಕೊಟ್ಟ ಉತ್ತರ ಇಷ್ಟೇ: “ನೀ ಏನೂ ತಪ್ಪ ಮಾಡಿಲ್ಲವ್ವ.” ತಪ್ಪು ಮಾಡಿದವರು ಗೊತ್ತಿದ್ದೂ ಆಕೆಯ ಭಾಷೆಯಲ್ಲಿ ಹೇಳದೆ ಉಳಿದವರು. ಆ ಸಾಲಿನಲ್ಲಿ ನಾವೂ ನಿಲ್ಲುವುದು ಬೇಡ.