ಹವಳಕ್ಕೆ ಬೇಕಾದ ಬಿಡುವು

2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಸುತ್ತಣ ಕಡಲು ಮಿತಿಮೀರಿ ಬಿಸಿಯಾಗಿ, ಅಲ್ಲಿಯ ಹವಳದ ದಿಬ್ಬಗಳು ಮತ್ತೊಮ್ಮೆ ಬಿಳಿಚಿಕೊಂಡವು. 1998, 2010 ಮತ್ತು 2016ರಲ್ಲಿಯೂ ಇದೇ ವಿಪತ್ತು ಒದಗಿತ್ತು. ಇದು ದೂರದ ದ್ವೀಪವಾಸಿಗಳ ಕಷ್ಟವೆಂದು ನಾವು ಸುಮ್ಮನಿರುವಂತಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಬಂದರಿಗೂ ಅವಕ್ಕೂ ಇರುವ ವ್ಯಾಪಾರದ ನಂಟು ಬಹು ಹಳೆಯದು. ಆ ದ್ವೀಪಗಳ ನೆಲವೇ ಹವಳದಿಂದ ಆದುದು. ಅಲೆಗಳ ಹೊಡೆತವನ್ನು ತಡೆದು ದ್ವೀಪವನ್ನು ರಕ್ಷಿಸುವುದೂ ಹವಳದ ದಿಬ್ಬವೇ. ಅದು ಸವೆದುಹೋದರೆ ಅಲ್ಲಿಯ ಜನರ ಮನೆ, ತೆಂಗು, ಕುಡಿಯುವ ನೀರು ಯಾವುದಕ್ಕೂ ಭದ್ರತೆ ಉಳಿಯದು.

ಹಾಗಾದರೆ ಬಿಳಿಚಿದ ಹವಳಕ್ಕೆ ಮರುಜೀವವಿಲ್ಲವೇ? ಉಂಟು. ಹವಳವೆಂಬುದು ಅತಿ ಸಣ್ಣ ಪ್ರಾಣಿಗಳ ಸಮೂಹ. ಅವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಅವಕ್ಕೆ ಅನ್ನದಾತ. ನೀರು ಬಿಸಿಯೇರಿದಾಗ ಹವಳವು ಆ ಪಾಚಿಯನ್ನು ಹೊರದೂಡಿ ಬಣ್ಣಗೆಡುತ್ತದೆ. ಬಿಳಿಚಿದೊಡನೆ ಸತ್ತಿತೆಂದಲ್ಲ, ಅದು ಉಪವಾಸ ಬಿದ್ದಿದೆ, ಅಷ್ಟೆ. ಕೆಲವು ವಾರಗಳಲ್ಲಿ ನೀರು ತಣಿದರೆ ಬದುಕೀತು. ತಣಿಯದಿದ್ದರೆ ಸತ್ತು, ಅದರ ಸುಣ್ಣದ ಗೂಡಿನ ಮೇಲೆ ಬೇರೆ ಪಾಚಿ ಹಬ್ಬೀತು. ಗಿಳಿಮೀನಿನಂತಹ ಮೀನುಗಳು ಆ ಪಾಚಿಯನ್ನು ಮೇಯ್ದು ಶುಚಿಗೊಳಿಸಿದರೆ ಹವಳದ ಮರಿಗಳಿಗೆ ಅಲ್ಲಿ ನೆಲೆಯೂರಲು ಎಡೆ ದೊರೆಯುತ್ತದೆ.

ಆಸ್ಟ್ರೇಲಿಯದ ವಾಯವ್ಯ ಕರಾವಳಿಯಿಂದ 250 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಒಂಟಿಯಾಗಿರುವ ಸ್ಕಾಟ್ ದಿಬ್ಬದ ಉದಾಹರಣೆ ಇಲ್ಲಿ ವಿಚಾರಾರ್ಹವಾಗಿದೆ. 1998ರ ಬಿಸಿಗೆ ಸಿಕ್ಕಿ ಅಲ್ಲಿಯ ಜೀವಂತ ಹವಳದ ಹೊದಿಕೆ ಶೇಕಡ 9ಕ್ಕೆ ಇಳಿಯಿತು. ಬೇರೆ ದಿಬ್ಬಗಳಿಂದ ಮರಿಗಳು ತೇಲಿಬರುವ ಆಸೆಯೂ ಇರಲಿಲ್ಲ. ಆದರೂ 12 ವರ್ಷಗಳಲ್ಲಿ ಅದು ಶೇಕಡ 44ಕ್ಕೆ ಏರಿತು. ಅಳಿದುಳಿದ ಹವಳವೇ ಬೆಳೆದು, ಪ್ರಾಯಕ್ಕೆ ಬಂದು, ಸಂತಾನವನ್ನು ಹೆಚ್ಚಿಸಿ ದಿಬ್ಬವನ್ನು ತುಂಬಿತು. ಹೊಲಸು ನೀರು, ಅತಿಯಾದ ಮೀನುಗಾರಿಕೆ ಇವುಗಳ ಕಾಟ ಅಲ್ಲಿ ಕಡಿಮೆಯಿದ್ದುದೇ ಇದಕ್ಕೆ ಸಹಾಯಕವಾಯಿತು.

ಲಕ್ಷದ್ವೀಪಕ್ಕೂ ಇಂತಹ ಒಂದು ಅನುಕೂಲವಿತ್ತು. ಅಲ್ಲಿಯ ಬೆಸ್ತರು ಬಹುಮಟ್ಟಿಗೆ ಹೊರಗಡಲಿನ ಟ್ಯೂನಾ ಮೀನನ್ನು ಗಾಳದ ಕೋಲಿನಿಂದ ಹಿಡಿಯುತ್ತ, ದಿಬ್ಬದ ಮೀನುಗಳನ್ನು ಅವುಗಳ ಪಾಡಿಗೆ ಬಿಟ್ಟಿದ್ದರು. ಆದರೂ ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 1998ರಲ್ಲಿ ಶೇಕಡ 37ರಷ್ಟಿದ್ದ ಹವಳದ ಹೊದಿಕೆ 2022ರ ವೇಳೆಗೆ ಶೇಕಡ 20ಕ್ಕಿಂತಲೂ ಕೆಳಗಿಳಿಯಿತು. ಬಿಡುವಿನ ಅಭಾವವೇ ಇದರ ಮುಖ್ಯ ಕಾರಣ. 1980ರ ದಶಕದ ಆರಂಭದಲ್ಲಿ ಲೋಕದ ಹವಳದ ದಿಬ್ಬಗಳಿಗೆ ಇಂತಹ ತೀವ್ರ ವಿಪತ್ತು 25-30 ವರ್ಷಗಳಿಗೊಮ್ಮೆ ಬರುತ್ತಿತ್ತು. 2016ರ ವೇಳೆಗೆ ಆ ಅಂತರ ಸುಮಾರು 6 ವರ್ಷಗಳಿಗೆ ಕುಗ್ಗಿತು. ಜ್ವರದಿಂದ ಎದ್ದವನ ಮೈಯಲ್ಲಿ ಕಸುವು ಕೂಡುವ ಮುನ್ನವೇ ಮತ್ತೆ ಜ್ವರ ಬಂದರೆ ಅವನು ಎಷ್ಟು ಸಲ ಏಳಬಲ್ಲನು? ಸ್ಕಾಟ್ ದಿಬ್ಬವೂ 2016ರಲ್ಲಿ ಮತ್ತೆ ನೆಲಹಿಡಿಯಿತು.

ಕಲ್ಲಿದ್ದಲು, ತೈಲಗಳ ಹೊಗೆಯನ್ನು ತಗ್ಗಿಸಿ ಕಡಲಿನ ಬಿಸಿಯನ್ನು ತಡೆಯುವುದು ರಾಷ್ಟ್ರಗಳೆಲ್ಲ ಕೂಡಿ ಮಾಡಬೇಕಾದ ಕಾರ್ಯ. ಅದಾಗುವವರೆಗೆ ಕೈಕಟ್ಟಿ ಕುಳಿತಿರುವುದು ಸಲ್ಲದು. ಪಾಚಿ ಮೇಯುವ ಮೀನುಗಳನ್ನು ಕಾಪಾಡುವುದು, ದಿಬ್ಬದೊಳಗಣ ಕಡಲಿನಲ್ಲಿ ಹೂಳೆತ್ತುವುದಕ್ಕೆ ಕಡಿವಾಣ ಹಾಕುವುದು, ಪ್ರವಾಸಿಗಳಿಗಾಗಿ ಹೋಟೆಲುಗಳು ಏಳುವಲ್ಲಿ ಕೊಳಚೆ ನೀರು ಕಡಲಿಗೆ ಬೀಳದಂತೆ ನೋಡಿಕೊಳ್ಳುವುದು, ಇವು ನಮ್ಮ ಸರಕಾರದ ಕೈಯಲ್ಲಿಯೇ ಇರುವ ಕೆಲಸಗಳು. ಒಂದು ಹೋಟೆಲಿನಿಂದ ದಿನವೊಂದಕ್ಕೆ ಎಷ್ಟು ಹೊಲಸು ನೀರು ಹೊರಡುತ್ತದೆಂಬುದನ್ನು ನಮ್ಮ ಓದುಗರಿಗೆ ಯಾರೂ ಹೇಳಬೇಕಾಗಿಲ್ಲ. ಹವಳಕ್ಕೆ ಏಳುವ ಶಕ್ತಿಯಿದೆ. ಬಿದ್ದಾಗ ಅದರ ಮೇಲೆ ಇನ್ನಷ್ಟು ಹೊರೆ ಹೇರದಿರುವುದು ನಮ್ಮ ಕರ್ತವ್ಯ.