‘ತಲೆದಂಡ’ ಮಕ್ಕಳಿಗೆ ಬೇಡವೆ?

ಬಸವ ಜಯಂತಿಗೆ ನಾಟಕ ಆರಿಸುವಾಗಲೆಲ್ಲ ಒಂದು ಮಾತು ಬರುತ್ತದೆ: ಗಿರೀಶ ಕಾರ್ನಾಡರ ‘ತಲೆದಂಡ’ದಲ್ಲಿ ಹಿಂಸೆಯಿದೆ, ಮಕ್ಕಳಿಗೆ ಬೇಡ. ಹಾಗೆನ್ನುವವರು ಕುಂದಾಪುರ ಕಡೆಯ ನಮ್ಮ ಸಿದ್ದಾಪುರಕ್ಕೆ ಬಂದು ನೋಡಲಿ. ಕಮಲಶಿಲೆ ಮೇಳದ್ದೋ ಮಂದಾರ್ತಿ ಮೇಳದ್ದೋ ಆಟವಿದ್ದರೆ ಐದು ವರ್ಷದ ಮಗುವೂ ಮುಂದೆ ಕೂತು ಮಹಿಷಾಸುರನ ವಧೆ ನೋಡುತ್ತದೆ. ಬೆಳಿಗ್ಗೆ ಅಂಗಳದಲ್ಲಿ ತಾನೇ ಮಹಿಷನಾಗಿ ಕುಣಿಯುತ್ತದೆ. ಯಾರೂ ತಡೆದಿಲ್ಲ, ತಡೆಯಬೇಕಾಗಿಯೂ ಇಲ್ಲ.

ಅಂದಮೇಲೆ ಅಡ್ಡಿ ರಕ್ತದ್ದಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗುತ್ತದಲ್ಲ, ಅದು ಅಡ್ಡಿ. ಹದಿನಾರರ ಹುಡುಗಿ ಅದನ್ನು ನೋಡಿ ಬಂದು, ‘ನಾವೇಕೆ ಒಳಪಂಗಡ ಬಿಟ್ಟು ಹೆಣ್ಣು ಕೊಡುವುದಿಲ್ಲ?’ ಎಂದರೆ ಉತ್ತರ ಯಾರಲ್ಲಿದೆ?

ವಯಸ್ಸು ನೋಡಬೇಕು, ನಿಜ. ಸೇತುವೆ ಕಟ್ಟುವಾಗಲೂ ಅದು ಹೊರುವ ಭಾರದ ಲೆಕ್ಕ ಹಾಕುತ್ತೇವೆ. ಚಿಕ್ಕವರಿಗೆ ಬಿ.ವಿ. ಕಾರಂತರ ‘ಪಂಜರಶಾಲೆ’ ಆಡಿಸಿ. ಬಸವಣ್ಣನನ್ನು ಬರೀ ಪವಾಡಪುರುಷನಾಗಿಸುವ ನಾಟಕ ಮಾತ್ರ ಯಾವ ವಯಸ್ಸಿನವರಿಗೂ ಬೇಡ. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ರಂಗಭೂಮಿ ನಮ್ಮ ಮಠಗಳಿಗೆ ಹೊಸದೇನಲ್ಲ. ಹೈಸ್ಕೂಲಿನ ಮಕ್ಕಳಿಗೆ ‘ತಲೆದಂಡ’ ತೋರಿಸಿ. ಮುಗಿದ ಮೇಲೆ ಅರ್ಧ ಗಂಟೆ ಅವರು ಪ್ರಶ್ನೆ ಕೇಳಲಿ. ಉತ್ತರ ಹೇಳಲು ಮೊದಲು ಸಮಿತಿಯ ಅಧ್ಯಕ್ಷರೇ ಕೂರಲಿ.